ದುಡಿಯುವ ದಂಪತಿಗಳ ಮನೆಯ ಮಂಗಲಕಾರ್ಯ



ಗಂಡನ ನೌಕರಿ ಯಾದಗಿರಿಯ ಕಚೇರಿಯೊಂದರಲ್ಲಿ, ಹೆಂಡತಿಯದು ಸುರಪುರದ ಕಡೆಯ ಹಳ್ಳಿಶಾಲೆಯಲ್ಲಿ, ಸಂಸಾರ ನಡುವಿನ ಶಹಾಪುರದಲ್ಲಿ. ಇಂಥ ಮನೆಗಳು ನಮ್ಮ ಸೀಮೆಯಲ್ಲಿ ಈಗ ವಿರಳವಲ್ಲ. 2009ರ ಡಿಸೆಂಬರ್ 30ರಂದು ಯಾದಗಿರಿ ಪ್ರತ್ಯೇಕ ಜಿಲ್ಲೆಯಾಯಿತು, ಕಚೇರಿಗಳು ಹೆಚ್ಚಿದವು. ಸಂವಿಧಾನದ 371(ಜೆ) ವಿಧಿಯು 2013ರಲ್ಲಿ ಜಾರಿಗೆ ಬಂದು ಈ ಭಾಗದ ಮಕ್ಕಳಿಗೆ ನೌಕರಿಯ ಬಾಗಿಲು ತೆರೆಯಿತು. ಹೆಣ್ಣುಮಕ್ಕಳೂ ಸಂಬಳ ತರುವಂತಾದುದು ಸಂತೋಷದ ಸಂಗತಿ. ಆದರೆ ಮನೆಯ ಮಂಗಲಕಾರ್ಯಗಳ ರೀತಿ ಮಾತ್ರ ಅತ್ತೆ, ಅತ್ತಿಗೆ, ನೆಗೆಣ್ಣಿಯರು ಒಂದೇ ಒಲೆಯ ಸುತ್ತ ಇದ್ದ ಕಾಲದ್ದೇ ಉಳಿದಿದೆ. ಕೈಗಳು ಕಡಿಮೆಯಾದವು, ಕೆಲಸ ಕಡಿಮೆಯಾಗಲಿಲ್ಲ.

ಪರಿಣಾಮವನ್ನು ಯಾವುದೇ ತೊಟ್ಟಿಲ ಕಾರ್ಯದಲ್ಲಿ ನೋಡಬಹುದು. ತೊಟ್ಟಿಲಲ್ಲಿರುವ ಕೂಸು ಯಾರದೋ ಆ ತಾಯಿಯೇ ಅದರ ಬಳಿ ಇರುವುದಿಲ್ಲ. ಉಗ್ರಾಣದ ಬೀಗದ ಕೈ ಅವಳ ಸೆರಗಿನಲ್ಲಿ. ಸಕ್ಕರೆ ಎಲ್ಲಿ, ಎಲೆ ಅಡಿಕೆ ಎಲ್ಲಿ, ಸೋದರಮಾವನಿಗೆ ಆಯೇರಿ ತೆಗೆದಿಟ್ಟಿದೆಯೇ ಎಂಬ ಪ್ರಶ್ನೆಗಳೆಲ್ಲ ಅವಳಿಗೇ. ಕೂಸು ಪರರ ತೊಡೆಯ ಮೇಲೆ ಅಳುತ್ತಿರುತ್ತದೆ. ಯಜಮಾನರು ಬೀಗರೊಡನೆ ಹಂದರದಲ್ಲಿ ಕುಳಿತಿರುತ್ತಾರೆ. ಮರುದಿನ ಬೆಳಿಗ್ಗೆ ಆಕೆ ಎಂದಿನಂತೆ ಬಸ್ಸು ಹಿಡಿಯಬೇಕು. ಇದರ ಮೇಲೆ ಸಹಕಾರಿ ಸಂಘದ ಸಾಲವೊಂದು ವರ್ಷವಿಡೀ ಸಂಬಳದಲ್ಲಿ ಕಡಿತವಾಗುತ್ತಿರುತ್ತದೆ.

ಗಂಡಹೆಂಡಿರಿಬ್ಬರೂ ದುಡಿಯುವುದು ನಮಗೆ ಹೊಸತೇನೂ ಅಲ್ಲ. ಸುರಪುರ ಸೀಮೆಯ ಮುದನೂರಿನ ದೇವರ ದಾಸಿಮಯ್ಯ ಮತ್ತು ದುಗ್ಗಳೆ ನೇಯ್ಗೆಯ ಕಾಯಕದವರು. ಕೃಷ್ಣೆಯ ಆಚೆ ದಡದ ಲಿಂಗಸುಗೂರು ತಾಲೂಕಿನ ಅಮರೇಶ್ವರದವರು ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ. ಮಾರಯ್ಯ ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಲಕ್ಕಮ್ಮ ಅದನ್ನು ಮರಳಿ ಸುರಿದುಬರಲು ಹೇಳಿದ ಕಥೆ ಎಲ್ಲರಿಗೂ ಗೊತ್ತು. ಆ ತಾಯಿಯೇ ಜಂಗಮರ ಮಹಾಸಮೂಹಕ್ಕೆ ದಾಸೋಹ ನಡೆಸಿದವಳು ಎಂಬುದನ್ನು ಮರೆಯುತ್ತೇವೆ. ನಾವು ಕಥೆಯ ಪವಾಡವನ್ನಷ್ಟೇ ಹೇಳಿ ಕೈಮುಗಿಯುತ್ತೇವೆ. ನನಗೆ ಅದರಲ್ಲಿ ಕಾಣುವುದು ಲೆಕ್ಕ. ಮನೆಗೆ ಎಷ್ಟು ಸಾಕು ಎಂಬುದು ತಿಳಿದವಳಿಗೆ ಮಂದಿಗೆ ಎಷ್ಟು ಬೇಕು ಎಂಬುದೂ ತಿಳಿದಿತ್ತು.

ಮೊದಲಿಗೆ ದಿನ ಗೊತ್ತುಮಾಡುವ ವಿಚಾರ. ಪಂಚಾಂಗವನ್ನು ನಾನೂ ಮಠದಲ್ಲಿ ಓದಿದವನೇ. ಆದರೂ ದಿನ, ವಾರ, ತಿಥಿಗಳಲ್ಲಿ ಶುಭಾಶುಭವನ್ನು ಶರಣರು ಒಪ್ಪಲಿಲ್ಲ ಎಂಬುದನ್ನು ಮನೆಯ ಹಿರಿಯರಿಗೆ ವಿನಯದಿಂದ ನೆನಪಿಸಬಹುದು. ಬುಧವಾರ ಬೆಳಗಿನ ಜಾವದ ಮುಹೂರ್ತವೆಂದರೆ ಇಬ್ಬರೂ ಮೂರು ಮೂರು ದಿನ ರಜೆ ಹಾಕಬೇಕು. 2019ರಲ್ಲಿ ರಾಜ್ಯ ಸರ್ಕಾರ ನಾಲ್ಕನೆಯ ಶನಿವಾರವನ್ನೂ ಕಚೇರಿಗಳಿಗೆ ಬಿಡುವಾಗಿಸಿತು. ಅದಕ್ಕೆ ಪ್ರತಿಯಾಗಿ ಸಾಂದರ್ಭಿಕ ರಜೆಯನ್ನು 15ರಿಂದ 10ಕ್ಕೆ ಇಳಿಸಿತು. ಆ ಹತ್ತರಲ್ಲೇ ಕೂಸಿನ ಜ್ವರವೂ, ಊರಿನ ಸಾವೂ ಸೇರಬೇಕು. ಶಾಲೆಗಾದರೋ ಶನಿವಾರವೂ ಬೆಳಗಿನ ಪಾಠವುಂಟು. ಆದುದರಿಂದ ಎರಡನೆಯ ಅಥವಾ ನಾಲ್ಕನೆಯ ಶನಿವಾರದ ಮರುದಿನ ಬರುವ ರವಿವಾರವೇ ಇಂಥ ಮನೆಗೆ ಶುಭದಿನ. ಶನಿವಾರ ಯಜಮಾನರು ಸಂತೆ, ಹಂದರ, ನೀರಿನ ವ್ಯವಸ್ಥೆ ನೋಡಿಕೊಳ್ಳಬಹುದು. ಆಕೆ ಮಧ್ಯಾಹ್ನಕ್ಕೆ ಬಂದು ಕೂಡಿಕೊಳ್ಳಬಹುದು.

ತಿಂಗಳನ್ನೂ ಯೋಚಿಸಬೇಕು. ಹತ್ತಿ ಬಿಡಿಸುವ, ತೊಗರಿ ರಾಶಿಯ ದಿನಗಳಲ್ಲಿ ಕರೆದರೆ ಹಳ್ಳಿಯ ಬಂಧುಗಳು ಮನಸ್ಸಿಲ್ಲದ ಮನಸ್ಸಿನಿಂದ ಬರುತ್ತಾರೆ. ಏಪ್ರಿಲ್-ಮೇ ತಿಂಗಳಲ್ಲಿ ಶಾಲೆಗೆ ಬಿಡುವು ನಿಜ, ಆದರೆ 40 ಡಿಗ್ರಿ ದಾಟಿದ ಬಿಸಿಲಿನಲ್ಲಿ ಹಸುಗೂಸನ್ನು ತಗಡಿನ ಹಂದರದಡಿ ಇಡುವುದು ದಯೆಯಲ್ಲ. ದಸರಾ ರಜೆ ಒಳ್ಳೆಯದು. ಆದರೂ ಪರ್ಯಾಯ ದಿನವೊಂದು ಇರಲಿ. 2025ರ ದಸರಾ ರಜೆಯಲ್ಲಿ ರಾಜ್ಯದ ಸಮೀಕ್ಷೆಗಾಗಿ ಶಿಕ್ಷಕರು ಮನೆಮನೆ ತಿರುಗಬೇಕಾಯಿತು, ನೆನಪಿರಬಹುದು.

ಬಳಿಕ ಮಂದಿಯ ಎಣಿಕೆ, ಆಮೇಲೆ ಅಡುಗೆಯ ಮಾತು. ನಮ್ಮಲ್ಲಿ ಇದು ತಿರುಗಿ ನಡೆಯುತ್ತದೆ: ಮೊದಲು ಐದು ಬಗೆಯ ಸಿಹಿ ಗೊತ್ತಾಗುತ್ತದೆ, ಮಂದಿ ಎಷ್ಟೆಂಬುದು ಪಂಕ್ತಿ ಕುಳಿತ ಮೇಲೆ ತಿಳಿಯುತ್ತದೆ. ನಮ್ಮ ನಾಡಿನ ಊಟವೇ ದುಡಿಯುವವರಿಗೆ ಹೇಳಿಮಾಡಿಸಿದಂತಿದೆ. ಜೋಳದ ಕಟಕ್ ರೊಟ್ಟಿ, ಸಜ್ಜೆಯ ರೊಟ್ಟಿ, ಶೇಂಗಾ ಹಿಂಡಿ ಇವನ್ನು ವಾರದ ಮೊದಲೇ ಮಾಡಿಡಬಹುದು, ಕೆಡುವುದಿಲ್ಲ. ಆ ದಿನಕ್ಕೆ ಉಳಿಯುವುದು ಗೋಧಿ ಹುಗ್ಗಿ, ಬದನೆಕಾಯಿ ಎಣ್ಣೆಗಾಯಿ, ಅನ್ನ, ಸಾರು. ಇನ್ನೂರು ಮಂದಿಗೆ ತಲೆಗೆರಡರಂತೆ ನಾನೂರು ರೊಟ್ಟಿ. ಒಂದೇ ಮನೆಯಲ್ಲಿ ಬಡಿದರೆ ತೋಳು ಬಿದ್ದುಹೋಗುತ್ತದೆ. ನಾಲ್ಕು ಮನೆಗಳವರು ನೂರು ನೂರರಂತೆ ತಂದರೆ ಯಾರಿಗೂ ಭಾರವಲ್ಲ. ಕೊಪ್ಪಳದ ಗವಿಮಠದ ಜಾತ್ರೆಯಲ್ಲಿ ಲಕ್ಷಾಂತರ ಭಕ್ತರು ಉಣ್ಣುವ ರೊಟ್ಟಿ ಒಂದೇ ಒಲೆಯದಲ್ಲ. ಹಳ್ಳಿಹಳ್ಳಿಯ ತಾಯಂದಿರು ತಂತಮ್ಮ ಮನೆಗಳಲ್ಲಿ ಬಡಿದು ಕಳುಹಿಸಿದ್ದು. ಆಯೇರಿಯ ಬದಲು ರೊಟ್ಟಿ ತನ್ನಿರೆಂದು ಆಪ್ತರಿಗೆ ಹೇಳಲು ಸಂಕೋಚವೇಕೆ? ಬೀರುವಿನಲ್ಲಿ ಮಡಿಚಿಟ್ಟ ಕುಪ್ಪಸದ ಕಣಗಳಿಗಿಂತ ಅದು ಮೇಲು.

ಇನ್ನು ಒಂದು ನೂರು ಪುಟದ ನೋಟುಪುಸ್ತಕ. ಮೊಬೈಲಿನಲ್ಲಿ ಬರೆದಿಡುವವರು ಹಾಗೆಯೇ ಮಾಡಲಿ, ಆದರೆ ಅದು ಒಬ್ಬರ ಕಿಸೆಯಲ್ಲಿರುತ್ತದೆ; ಪುಸ್ತಕ ಅಡುಗೆಮನೆಯ ಗೂಡಿನಲ್ಲಿ ಎಲ್ಲರಿಗೂ ಕಾಣುತ್ತದೆ. ಕಾರ್ಯಕ್ಕೆ ಒಂದು ತಿಂಗಳ ಮೊದಲು ಇಬ್ಬರೂ ಕುಳಿತು ಒಂದೊಂದು ಸಾಲಿಗೆ ಒಂದೊಂದು ಕೆಲಸ ಬರೆಯಬೇಕು, ಎದುರಿಗೆ ಹೆಸರು ಬರೆಯಬೇಕು. ಮಠಕ್ಕೆ ಹೋಗಿ ಅಯ್ಯನವರನ್ನು ಲಿಂಗಧಾರಣೆಗೆ ಬಿನ್ನವಿಸುವವರು ಯಾರು, ಕರೆಯುವವರ ಪಟ್ಟಿ ಯಾರದು, ನೀರಿನ ಟ್ಯಾಂಕರಿಗೆ ಹೇಳುವವರು ಯಾರು, ಅಂದು ಉಗ್ರಾಣ ಯಾರ ಕೈಯಲ್ಲಿ? ಹೆಸರಿಲ್ಲದೆ ಉಳಿದ ಕೆಲಸ ಯಾರ ಪಾಲಿಗೆ ಬೀಳುತ್ತದೆಂದು ಯಾವ ಹೆಣ್ಣುಮಗಳನ್ನು ಕೇಳಿದರೂ ಹೇಳುತ್ತಾಳೆ. ತಾಯಿಯ ಹೆಸರಿನ ಮುಂದೆ ಅಂದಿನ ದಿನ ಒಂದೇ ಕೆಲಸ ಬರೆಯಿರಿ: ಕೂಸಿನ ಬಳಿ ಕೂಡುವುದು. ಉಗ್ರಾಣ ಅವಳ ತಮ್ಮನದೋ ಮೈದುನನದೋ ಆಗಲಿ. ಸಕ್ಕರೆ ಅಳೆಯಲು ಗಂಡಸರಿಗೆ ಬಾರದೆಂಬುದು ಸುಳ್ಳು. ನಮ್ಮ ಮಠಗಳ ದಾಸೋಹದ ಉಗ್ರಾಣಗಳನ್ನು ನೋಡಿಕೊಳ್ಳುವವರು ಮತ್ತಾರು?

ದೂರದಿಂದ ಬರುವವರ ಮಾತು ಬೇರೆ. ಶಹಾಪುರಕ್ಕೂ ಸುರಪುರಕ್ಕೂ ರೈಲಿಲ್ಲ. ಸೊಲ್ಲಾಪುರದಿಂದಲೋ ರಾಯಚೂರಿನಿಂದಲೋ ರೈಲಿನಲ್ಲಿ ಬರುವ ಬೀಗರು ಯಾದಗಿರಿಯಲ್ಲೇ ಇಳಿಯಬೇಕು. ಅಲ್ಲಿಂದ ಭೀಮೆಯ ಸೇತುವೆ ದಾಟಿ ಶಹಾಪುರಕ್ಕೆ ಸುಮಾರು 35 ಕಿಲೋಮೀಟರು. ವಯಸ್ಸಾದವರಿದ್ದರೆ ನಿಲ್ದಾಣಕ್ಕೆ ಹೋಗುವವರ ಹೆಸರೂ ಪುಸ್ತಕದಲ್ಲಿರಬೇಕು.

ಕೊನೆಯ ಪುಟ ಪಾತ್ರೆಗಳದು. ಕೊಪ್ಪರಿಗೆ, ಹಂಡೆ, ಸೌಟುಗಳನ್ನು ಮಠದಿಂದಲೋ ಬಾಡಿಗೆಯ ಅಂಗಡಿಯಿಂದಲೋ ತರುವುದು ಎಲ್ಲರಿಗೂ ನೆನಪಿರುತ್ತದೆ. ತೊಳೆದು, ಎಣಿಸಿ, ಮರಳಿಸುವುದು ಸೋಮವಾರಕ್ಕೆ ಬೀಳುತ್ತದೆ. ಸೋಮವಾರ ಇಬ್ಬರಿಗೂ ಕೆಲಸ. ರವಿವಾರ ಸಂಜೆಯೇ ಅವು ಮನೆಯಿಂದ ಹೊರಡಬೇಕು, ಆ ಸಾಲಿನ ಎದುರಿಗೆ ಯಜಮಾನರದೇ ಹೆಸರಿರಲಿ.