ಕನ್ನಡಕ ಬರಲಿ, ಹತ್ತಿರ ಒಬ್ಬ ಸಿಸ್ಟರೂ ಇರಲಿ

ಹೋದ ವರ್ಷ ನಮ್ಮತ್ತೆಗೆ ಸೊಂಟ ಹಿಡಿದುಕೊಂಡಿತು. ಕನಕಪುರದ ಕಾಡಂಚಿನ ಊರು. ಹಿಪ್ಪುನೇರಳೆ ಸೊಪ್ಪು ಕೊಯ್ದು, ಹೊರೆ ಹೊತ್ತು ಸವೆದ ಬೆನ್ನು. ಫೋನಿನಲ್ಲೇ ಡಾಕ್ಟರಿಗೆ ತೋರಿಸಿದೆವು. "ಎಲ್ಲಿ ನೋವು, ಕೈಯಿಟ್ಟು ತೋರಿಸಿ ಅಮ್ಮಾ" ಅಂದರು. ಅತ್ತೆ ಬೆನ್ನು ತಿರುಗಿಸುವಷ್ಟರಲ್ಲಿ ನೆಟ್‌ವರ್ಕ್ ಹೋಯಿತು. ಮೂರನೇ ಸಲ ಸಿಕ್ಕಾಗ ಮಾತ್ರೆ ಬರೆದರು, ವ್ಯಾಯಾಮ ಮಾಡಿ ಅಂದರು. ಮಾತ್ರೆ ನುಂಗಿದ್ದಾಯಿತು. ವ್ಯಾಯಾಮ ಮಾಡೋದು ಹೇಗೆ ಅಂತ ತೋರಿಸಲು ಯಾರೂ ಇರಲಿಲ್ಲ.

ಈಗ ವರ್ಚುವಲ್ ರಿಯಾಲಿಟಿ ಮಾತು ಕೇಳಿಬರುತ್ತಿದೆ. ಕಣ್ಣಿಗೆ ಕಟ್ಟಿಕೊಳ್ಳುವ ದಪ್ಪ ಕನ್ನಡಕ ಅದು. ಒಳಗೆ ಪರದೆ ಇರುತ್ತದೆ, ತಲೆ ತಿರುಗಿಸಿದರೆ ದೃಶ್ಯವೂ ತಿರುಗುತ್ತದೆ. ಇದು ಬರೀ ಆಟವಲ್ಲ. ಬಹುಕಾಲದ ಸೊಂಟನೋವಿಗೆ ಮನೆಯಲ್ಲೇ 8 ವಾರ ಬಳಸುವ ಇಂಥ ಒಂದು ಸಾಧನಕ್ಕೆ ಅಮೆರಿಕದ ಎಫ್‌ಡಿಎ 2021ರ ನವೆಂಬರಿನಲ್ಲಿ ಅನುಮತಿ ಕೊಟ್ಟಿತು. ಉಸಿರಾಟ, ಮನಸ್ಸು ಸಡಿಲಿಸುವುದು, ನೋವಿನ ತಿಳಿವಳಿಕೆ ಇವೆಲ್ಲ ಅದರಲ್ಲಿವೆ. ಆದರೆ ಅದು ಬೇರೆ ಚಿಕಿತ್ಸೆಯ ಜೊತೆಗೆ ಬಳಸುವಂಥದ್ದು, ಬದಲಿಗೆ ಅಲ್ಲ.

ರಾಮನಗರದಲ್ಲಿ ರೇಷ್ಮೆ ನೂಲು ತೆಗೆಯುವವರು, ಚನ್ನಪಟ್ಟಣದಲ್ಲಿ ದಿನವಿಡೀ ಕೂತು ಬೊಂಬೆ ಮಾಡುವವರು, ಮಾಗಡಿಯಲ್ಲಿ ರಾಗಿ ಹೊಲಕ್ಕೆ ಬಾಗುವವರು, ಯಾರಿಗಿಲ್ಲ ಬೆನ್ನುನೋವು? ಹಾಗಾಗಿ ಕನ್ನಡಕ ಬೇಡ ಅನ್ನುವವನು ನಾನಲ್ಲ. ಅದನ್ನು ಕಟ್ಟುವ ಕೈ ಯಾರದ್ದು ಅನ್ನೋದು ನನ್ನ ಪ್ರಶ್ನೆ.

ದೂರದ ವೈದ್ಯಕೀಯ ನಮಗೆ ಹೊಸದಲ್ಲ. 2002ರಲ್ಲೇ ಇಸ್ರೋ ಉಪಗ್ರಹದ ಮೂಲಕ ಚಾಮರಾಜನಗರದ ಜಿಲ್ಲಾಸ್ಪತ್ರೆಯಿಂದ ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೆ ಸಂಪರ್ಕ ಸಿಕ್ಕಿತ್ತು. ಅಪ್ಪು ಹೆಸರಿನ ಹೃದಯಜ್ಯೋತಿ ಯೋಜನೆ 2023ರಲ್ಲಿ ಶುರುವಾಯಿತು. ಎದೆನೋವು ಅಂತ ತಾಲೂಕು ಆಸ್ಪತ್ರೆಗೆ ಹೋದರೆ ಅಲ್ಲೇ ಇಸಿಜಿ ತೆಗೆಯುತ್ತಾರೆ, ಜಯದೇವದಂಥ ದೊಡ್ಡ ಆಸ್ಪತ್ರೆಯ ತಜ್ಞರು ದೂರದಿಂದಲೇ ನೋಡುತ್ತಾರೆ. ಹೃದಯಾಘಾತ ಖಚಿತವಾದರೆ ರಕ್ತನಾಳದ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಅಲ್ಲೇ ಉಚಿತ. ಇದರಲ್ಲಿ ಜೀವ ಉಳಿಸುವುದು ಪರದೆ ಒಂದೇ ಅಲ್ಲ. ಈ ತುದಿಯಲ್ಲಿ ಮೆಷಿನ್ ಇದೆ, ಔಷಧ ಇದೆ, ಕೊಡಲು ಗೊತ್ತಿರುವ ಕೈ ಇದೆ.

ಇ-ಸಂಜೀವಿನಿಯ ಕಥೆಯೂ ಅದೇ. ಉಪಕೇಂದ್ರದಲ್ಲಿ ಸಮುದಾಯ ಆರೋಗ್ಯ ಅಧಿಕಾರಿ ಪಕ್ಕದಲ್ಲಿ ಕೂತು ಬಿಪಿ ನೋಡಿ, ಡಾಕ್ಟರ ಜೊತೆ ಮಾತಾಡಿಸಿದರೆ ರೋಗಿಗೆ ಧೈರ್ಯ. ಆ ಕುರ್ಚಿ ಖಾಲಿಯಿದ್ದರೆ ಅದು ಬರೀ ವಿಡಿಯೋ ಕಾಲ್.

ಆದ್ದರಿಂದ ಕನ್ನಡಕ ಮೊದಲು ತಾಲೂಕು ಆಸ್ಪತ್ರೆಯ ಫಿಸಿಯೋಥೆರಪಿ ಕೋಣೆಗೆ ಬರಲಿ. ಯಾರಿಗೆ ಹೊಂದುತ್ತದೆ, ಯಾರಿಗೆ ತಲೆಸುತ್ತು ಬರುತ್ತದೆ ಅಂತ ಅಲ್ಲಿ ನೋಡಲಿ. ಆಮೇಲೆ ಉಪಕೇಂದ್ರಕ್ಕೆ ಇಳಿಯಲಿ. ಅದರೊಳಗಿನ ದನಿ ನಮ್ಮ ಕನ್ನಡದಲ್ಲಿರಲಿ, ಓದು ಬಾರದ ಅಜ್ಜಿಗೂ ತಿಳಿಯಲಿ. "ಕನ್ನಡಕ ಕೊಟ್ಟಿದ್ದೇವಲ್ಲ" ಅಂತ ಡಾಕ್ಟರ ಹುದ್ದೆ ಖಾಲಿ ಬಿಡುವುದು, ಆಂಬುಲೆನ್ಸ್ ಕಡಿಮೆ ಮಾಡುವುದು ಮಾತ್ರ ಆಗಬಾರದು.

ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಎರಡೇ ಪ್ರಶ್ನೆ ಕೇಳಿ. ನಮ್ಮ ಉಪಕೇಂದ್ರದಲ್ಲಿ ದಿನಾ ಯಾರು ಇರುತ್ತಾರೆ? ಇ-ಸಂಜೀವಿನಿಯಲ್ಲಿ ಡಾಕ್ಟರು ಎಷ್ಟು ಹೊತ್ತಿಗೆ ಸಿಗುತ್ತಾರೆ? ಉತ್ತರ ಸಿಕ್ಕ ಊರಿಗೆ ಕನ್ನಡಕ ಬಂದರೆ ಉಪಯೋಗ. ಸಿಗದ ಊರಲ್ಲಿ ಅದು ಬೀರುವಿನಲ್ಲಿ ಧೂಳು ತಿನ್ನುತ್ತದೆ.

ನಮ್ಮತ್ತೆ ಈಗ ಪರವಾಗಿಲ್ಲ. ಪಕ್ಕದೂರಿನ ಸಿಸ್ಟರೊಬ್ಬರು ಮನೆಗೆ ಬಂದು, ಚಾಪೆ ಹಾಸಿ, ಕಾಲು ಹಿಡಿದು ವ್ಯಾಯಾಮ ಹೇಳಿಕೊಟ್ಟರು.