ಮನೆವಾರ್ತೆ: ಮುಖವಾಡ ತೊಟ್ಟ ಅತಿಥಿ

ಮನೆಗೆ ಬಂದವರನ್ನು ಆದರಿಸುವುದು ನಮ್ಮ ಸಂಸಾರಗಳ ಹಳೆಯ ಧರ್ಮ. ಆದರೆ ಆ ಆದರಕ್ಕೂ ಒಂದು ಕ್ರಮವಿತ್ತೆಂಬುದನ್ನು ಮರೆಯಲಾಗದು. ಹೊತ್ತಲ್ಲದ ಹೊತ್ತಿನಲ್ಲಿ ಬಂದವನಿಗೆ ಮೊದಲು ಜಗಲಿಯ ಮೇಲೆ ಚಾಪೆ. ಕಾಲಿಗೆ ನೀರು, ಕುಡಿಯಲು ನೀರು, ಜೊತೆಗೊಂದು ಚೂರು ಬೆಲ್ಲ. ಆ ಬಳಿಕ ‘ಯಾವ ಊರಾಯಿತು? ಯಾರ ಪೈಕಿ?’ ಎಂಬ ವಿಚಾರಣೆ. ಇಷ್ಟಾದ ಮೇಲೆಯೇ ಅವನಿಗೆ ನಡುಮನೆಯ ಹೊಸ್ತಿಲು. ಈಗ ಮೊಬೈಲು ಬಂದಿರುವ ಮನೆಗಳಲ್ಲಿ ಜಗಲಿಯೇ ಇಲ್ಲದಂತಾಗಿದೆ. ಕಂಡರಿಯದವನೊಬ್ಬನು ನೇರವಾಗಿ ಒಳಕ್ಕೆ ಬಂದು, ಅಡಿಗೆಮನೆಯಲ್ಲಿರುವ ಗೃಹಿಣಿಯನ್ನು ‘ಊಟವಾಯಿತೆ?’ ಎಂದು ಕೇಳುತ್ತಾನೆ. ಅವನ ಹೆಸರು ಅವನದಲ್ಲ, ಮುಖ ಅವನದಲ್ಲ. ಒಮ್ಮೊಮ್ಮೆ ಆ ಹೆಸರೂ ಆ ಮುಖವೂ ನಮ್ಮವೇ ಆಗಿರುತ್ತವೆ! ಅಂಥ ಅತಿಥಿಯ ವಿಷಯವಾಗಿ ಈ ತಿಂಗಳು ನಾಲ್ಕು ಮಾತುಗಳನ್ನು ವಾಚಕ ಮಹಾಶಯರ ಮುಂದಿಡುವುದು ಯುಕ್ತವೆಂದು ತೋರಿತು.

ನಮ್ಮ ಬೀದಿಯ ಸೋದರಿಯೊಬ್ಬರು ಒಂದು ನವರಾತ್ರಿಯಲ್ಲಿ ಒಂಬತ್ತು ಮೆಟ್ಟಿಲು ಬೊಂಬೆ ಕೂರಿಸಿದ್ದರು. ಪಟ್ಟದ ಬೊಂಬೆಗಳು ಅವರ ಅಜ್ಜಿಯ ಕಾಲದವು. ಅವುಗಳ ಮುಂದೆ ನಿಂತು ತೆಗೆಸಿಕೊಂಡ ಭಾವಚಿತ್ರವೊಂದನ್ನು ಫೇಸ್‌ಬುಕ್ಕಿನ ತಮ್ಮ ಖಾತೆಗೆ ಮುಖಚಿತ್ರವಾಗಿ ಹಾಕಿದರು. ಬಂಧುಗಳು ಮೆಚ್ಚಿದರು. ಅದೇ ವಾರ ಪರದೇಶದಲ್ಲಿ ವೈದ್ಯನೆಂದು ಹೇಳಿಕೊಂಡ ಒಬ್ಬನಿಂದ ಸ್ನೇಹದ ಕೋರಿಕೆ ಬಂದಿತು. ತಮ್ಮ ನೆಂಟರಲ್ಲಿ ಇಬ್ಬರು ಆಗಲೇ ಅವನನ್ನು ಸ್ನೇಹಿತರ ಪಟ್ಟಿಗೆ ಸೇರಿಸಿಕೊಂಡಿದ್ದುದನ್ನು ನೋಡಿ, ಗುರುತಿನವನೇ ಇರಬೇಕೆಂದು ಇವರೂ ಒಪ್ಪಿಕೊಂಡರು. ಆಮೇಲೆ ದಿನವೂ ಬೆಳಿಗ್ಗೆ ಗುಲಾಬಿ ಹೂವಿನ ಚಿತ್ರ, ರಾತ್ರಿ ‘ನಿಮ್ಮ ನಗು ಮನಸ್ಸಿಗೆ ತಂಪು’ ಎಂಬ ಹೊಗಳಿಕೆ. ಇವರು ಒಂದಕ್ಕೂ ಉತ್ತರ ಕೊಡಲಿಲ್ಲ. ಆದರೆ ಒಬ್ಬರಿಗೂ ಹೇಳಲೂ ಇಲ್ಲ.

ಕೆಲವು ದಿನಗಳಲ್ಲಿ ಅವರದೇ ಹೆಸರಿನಲ್ಲಿ, ಅದೇ ಬೊಂಬೆಯ ಚಿತ್ರದೊಡನೆ, ಮತ್ತೊಂದು ಖಾತೆ ಹುಟ್ಟಿಕೊಂಡಿತು. ಅದನ್ನು ಕಟ್ಟಿದವನು ಆ ವೈದ್ಯನೋ ಬೇರೆಯವನೋ ಇಂದಿಗೂ ತಿಳಿಯದು. ಗೆಳತಿಯೊಬ್ಬಳು ಕಂಡು ಎಚ್ಚರಿಸಿದಳು. ಸೋದರಿ ಮನೆಯಲ್ಲಿ ಬಾಯಿ ಬಿಡಲಿಲ್ಲ. ಇದನ್ನು ಹೇಳಹೊರಟರೆ ಗುಲಾಬಿ ಹೂವಿನ ಮಾತೂ ಹೊರಬೀಳುವುದಲ್ಲ, ಯಜಮಾನರು ಏನೆಂದುಕೊಳ್ಳುವರೋ ಎಂಬ ಅಂಜಿಕೆ. ಹೀಗೆ ಹನ್ನೆರಡು ದಿನಗಳು ಕಳೆದವು. ಹದಿಮೂರನೆಯ ದಿನ ತವರಿನಿಂದ ಅವರ ಚಿಕ್ಕಪ್ಪನವರು ಒಂದು ಚೀಲ ಮೂಸಂಬಿ ಹಣ್ಣು ಹಿಡಿದುಕೊಂಡು ಬಸ್ಸಿಳಿದು ಬಂದರು. ಆಸ್ಪತ್ರೆಯಿಂದ ಬಂದ ಮಗಳನ್ನು ನೋಡಿಹೋಗಬೇಕೆಂದು ಬಂದವರಿಗೆ, ಆ ಮಗಳು ಹಿತ್ತಲಲ್ಲಿ ಸಾರಿನ ಪುಡಿಗೆ ಮೆಣಸಿನಕಾಯಿ ಒಣಹಾಕುತ್ತಿದ್ದುದು ಕಂಡಿತು! ‘ಆಸ್ಪತ್ರೆಯಲ್ಲಿದ್ದೇನೆ, ಕೂಡಲೆ ಎಂಟು ಸಾವಿರ ರೂಪಾಯಿ ಬೇಕು, ಮನೆಯವರಿಗೆ ತಿಳಿಸಬೇಡಿ’ ಎಂದು ಕಳ್ಳಖಾತೆಯಿಂದ ಬಂದ ಬೇಡಿಕೆಯನ್ನು ನಂಬಿ, ಆ ವೃದ್ಧರು ಮೂರು ದಿನಗಳ ಹಿಂದೆಯೇ ಹಣ ಕಳುಹಿಸಿದ್ದರು.

ಮನೆಯಲ್ಲಿ ನಡೆದುದೇನೆಂಬುದನ್ನು ಊಹಿಸುವುದು ಕಷ್ಟವಲ್ಲ. ‘ಚಿತ್ರ ಹಾಕೆಂದು ನಿನಗೆ ಯಾರು ಹೇಳಿದರು?’ ಎಂದು ಯಜಮಾನರು ಗರ್ಜಿಸಿ, ಮೊಬೈಲನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತಾಯಿತು. ಸೋದರಿ ಸಂಜೆ ನನ್ನಲ್ಲಿಗೆ ಬಂದು, “ಅಕ್ಕಾ, ನನ್ನ ಖಾತೆಗೆ ನಾನು ಬೀಗ ಹಾಕಿದ್ದೆ. ನನ್ನ ಚಿತ್ರಗಳನ್ನು ಬಳಸಲು ಅನುಮತಿಯಿಲ್ಲವೆಂದು ಎಲ್ಲರೂ ಹಾಕುವ ಬರಹವನ್ನೂ ಅಂಟಿಸಿದ್ದೆ. ಆದರೂ ಹೀಗೇಕಾಯಿತು?” ಎಂದು ಕಣ್ಣೊರಸಿಕೊಂಡರು.

ಈ ಪ್ರಶ್ನೆ ಇಂದು ಅನೇಕ ಮನೆಗಳದು. ಆದುದರಿಂದ ಸ್ವಲ್ಪ ವಿವರವಾಗಿ ವಿಚಾರ ಮಾಡೋಣ.

ಮೊದಲನೆಯದಾಗಿ ಆ ಅಂಟಿಸುವ ಬರಹ. ‘ನನ್ನ ಚಿತ್ರಗಳನ್ನು ಉಪಯೋಗಿಸಲು ಈ ಕಂಪೆನಿಗೆ ನಾನು ಅನುಮತಿ ಕೊಡುವುದಿಲ್ಲ’ ಎಂಬ ಘೋಷಣೆ 2012ರಿಂದಲೂ ರೂಪ ಬದಲಿಸಿಕೊಂಡು ಖಾತೆಯಿಂದ ಖಾತೆಗೆ ಹರಿದುಬರುತ್ತಿದೆ. 2024ರಲ್ಲಿ ಕೃತಕ ಬುದ್ಧಿಮತ್ತೆಯ ಹೆಸರು ಹೇಳಿಕೊಂಡು ಮತ್ತೊಮ್ಮೆ ಹೊರಟಿತು. ಇದರಿಂದ ಕೂದಲೆಳೆಯಷ್ಟೂ ಪ್ರಯೋಜನವಿಲ್ಲ. ಖಾತೆ ತೆರೆಯುವಾಗಲೇ ನಾವು ಷರತ್ತುಗಳಿಗೆ ಒಪ್ಪಿಯಾಗಿದೆ. ರೈಲಿನ ಟಿಕೆಟಿನ ಹಿಂದೆ ನಮ್ಮ ನಿಯಮಗಳನ್ನು ನಾವೇ ಬರೆದುಕೊಂಡರೆ ರೈಲ್ವೆಯವರು ಅವಕ್ಕೆ ಬದ್ಧರಾಗುವರೆ? ಕಂಪೆನಿಗೇ ನಾಟದ ಆ ಮಾತು ಕಳ್ಳನಿಗೆ ನಾಟುವುದೆಂತು?

ಎರಡನೆಯದು ಬೀಗ. ಹೆಂಗಸರ ಚಿತ್ರಗಳ ದುರುಪಯೋಗವನ್ನು ತಡೆಯಲೆಂದು ಫೇಸ್‌ಬುಕ್ಕಿನವರು 2017ರಲ್ಲಿ ನಮ್ಮ ದೇಶದಲ್ಲಿ ಮುಖಚಿತ್ರದ ಕಾವಲನ್ನೂ, 2020ರಲ್ಲಿ ಖಾತೆಗೇ ಬೀಗ ಹಾಕುವ ಏರ್ಪಾಡನ್ನೂ ತಂದರು. ಇವು ಒಳ್ಳೆಯ ಸಾಧನಗಳೇ, ಹಾಕಿಕೊಳ್ಳತಕ್ಕುವೇ. ಆದರೆ ಬೀಗ ಹಾಕಿದ ಖಾತೆಯಲ್ಲಿಯೂ ಹೆಸರೂ ಮುಖಚಿತ್ರವೂ ಹೊರಗಿನವರಿಗೆ ಕಾಣುತ್ತವೆ. ಅಲ್ಲದೆ ಬೀಗ ಕಾಯುವುದು ನಮ್ಮ ಮನೆಯನ್ನು. ನಮ್ಮ ಹೆಸರಿನ ಹಲಗೆ ತೂಗಿಸಿ ಎದುರು ಬೀದಿಯಲ್ಲಿ ಇನ್ನೊಂದು ಮನೆ ಕಟ್ಟುವವನನ್ನು ಅದು ತಡೆಯಲಾರದು. ಇನ್ನು ‘ಸ್ನೇಹಿತ’ನೆಂದು ನಾವೇ ಒಳಗೆ ಕರೆದುಕೊಂಡವನಿಗೆ ಬೀಗದ ಪ್ರಶ್ನೆಯೇ ಇಲ್ಲ. ಬಂಧುಗಳ ಪಟ್ಟಿಯನ್ನು ಮರೆಮಾಡದಿದ್ದರೆ, ಯಾರಲ್ಲಿ ಹಣ ಕೇಳಬೇಕೆಂಬುದನ್ನೂ ಅವನು ಅಲ್ಲಿಂದಲೇ ತಿಳಿಯುತ್ತಾನೆ. ಇಬ್ಬರು ನೆಂಟರು ಒಪ್ಪಿದರೆಂದು ಮೂರನೆಯವರು ಒಪ್ಪುವುದರಲ್ಲಿಯೇ ಇರುವುದು ಮೋಸ. ಆ ಇಬ್ಬರೂ ಹಾಗೆಯೇ ಇನ್ನೊಬ್ಬರನ್ನು ನೋಡಿ ಒಪ್ಪಿದವರು. ಬೆಳ್ಳಗಿರುವುದೆಲ್ಲ ಹಾಲಲ್ಲ. ಕೋರಿಕೆ ಬಂದಾಗ ಆ ನೆಂಟರನ್ನೇ ದೂರವಾಣಿಯಲ್ಲಿ ಕರೆದು, ‘ಇವರನ್ನು ಬಲ್ಲೆಯಾ?’ ಎಂದು ಕೇಳುವುದು ನಮ್ಮ ಹಿರಿಯರ ಜಗಲಿಯ ವಿಚಾರಣೆಗೆ ಸಮಾನ.

ಮೂರನೆಯದಾಗಿ, ವಾಟ್ಸಾಪಿನಲ್ಲಿ ಬರೆದುದು ಗೂಢಲಿಪಿಯಲ್ಲಿ ಹೋಗುವುದರಿಂದ ಹೊರಗೆ ಬೀಳದೆಂಬ ನಂಬಿಕೆ. 2016ರಿಂದ ಅದು ಅರಗು ಹಾಕಿದ ಲಕೋಟೆಯಂತೆ ಹೋಗುತ್ತಿರುವುದು ನಿಜ. ನಡುವೆ ಅಂಚೆಯವನು ಓದಲಾರ. ಆದರೆ ಲಕೋಟೆಯನ್ನು ಒಡೆದವನು ಕಾಗದವನ್ನು ಯಾರಿಗೆ ತೋರಿಸುವನೆಂಬುದಕ್ಕೆ ಅರಗು ಹೊಣೆಯಲ್ಲ. ತೆರೆಯ ಮೇಲಿನದನ್ನು ಹಾಗೆಯೇ ಚಿತ್ರವಾಗಿ ಹಿಡಿದಿಟ್ಟುಕೊಳ್ಳಲು ಒಂದು ಕ್ಷಣ ಸಾಕು. ಆಮೇಲೆ ನಾವು ಅಳಿಸಿದರೂ ಹಾಗೆ ಹಿಡಿದಿಟ್ಟ ಚಿತ್ರ ಅಳಿಯುವುದಿಲ್ಲ. ನಮ್ಮ ಮುಖಚಿತ್ರವನ್ನು ಎಲ್ಲರೂ ನೋಡಬೇಕೋ ಪರಿಚಿತರು ಮಾತ್ರ ನೋಡಬೇಕೋ ಎಂಬುದನ್ನು ಅಲ್ಲಿ ನಾವೇ ಗೊತ್ತುಮಾಡಬಹುದು. ಆದರೆ ಆ ಕಡೆ ಒಮ್ಮೆಯೂ ಕಣ್ಣು ಹಾಯಿಸದವರೇ ಹೆಚ್ಚು.

ಇಷ್ಟರಿಂದ, ಚಿತ್ರ ಹಾಕಿದವಳದೇ ತಪ್ಪೆಂದು ಯಾರೂ ತೀರ್ಮಾನಿಸಬಾರದು. 2019ರ ಮೊದಲ ಮೂರು ತಿಂಗಳಲ್ಲಿ ಫೇಸ್‌ಬುಕ್ ಕಂಪೆನಿ ತಾನೇ ತೆಗೆದುಹಾಕಿದ ಸುಳ್ಳುಖಾತೆಗಳ ಸಂಖ್ಯೆ ಸುಮಾರು 220 ಕೋಟಿ. ಇದು ಆಗಿನ ನಮ್ಮ ದೇಶದ ಜನಸಂಖ್ಯೆಯನ್ನೇ ಮೀರಿದ ಲೆಕ್ಕ. ಅವುಗಳಲ್ಲಿ ಬಹುಪಾಲು ಹುಟ್ಟಿದ ಕೆಲವೇ ನಿಮಿಷಗಳಲ್ಲಿ ಅಳಿದವಾದರೂ, ಜರಡಿಯಿಂದ ಜಾರಿ ಉಳಿದವು ನಮ್ಮ ಬೀದಿಗಳಿಗೆ ಬರುತ್ತವೆ. ಬಲೆ ಬೀಸುವವನು ಮೀನಿನ ನಡತೆಯನ್ನು ವಿಚಾರಿಸುವುದಿಲ್ಲ. ವಿಧವೆಯಾಗಲಿ, ವಿದ್ಯಾರ್ಥಿನಿಯಾಗಲಿ, ನಿವೃತ್ತರಾದ ಉಪಾಧ್ಯಾಯರಾಗಲಿ, ಸಿಕ್ಕಿದವರೆಲ್ಲರೂ ಅವನಿಗೆ ಸಮಾನರು. ‘ನಿನಗೇ ಏಕೆ ಬಂದಿತು?’ ಎಂದು ಮನೆಯವಳನ್ನು ಕೇಳುವುದು, ಕಳ್ಳನು ನಮ್ಮ ಮನೆಗೇ ಏಕೆ ನುಗ್ಗಿದನೆಂದು ಬಾಗಿಲನ್ನು ಹೊಡೆದಂತೆ.

ಏಕಾಂತ, ಗೋಪ್ಯ ಎಂಬ ಮಾತುಗಳ ವಿಷಯದಲ್ಲಿಯೂ ನಮ್ಮಲ್ಲಿ ದೊಡ್ಡದೊಂದು ಭ್ರಾಂತಿಯಿದೆ. ಮುಚ್ಚಿಟ್ಟುಕೊಳ್ಳುವವರು ಏನೋ ತಪ್ಪು ಮಾಡಿದವರೆಂದೇ ಭಾವಿಸುವವರುಂಟು. ನಮ್ಮ ರಾಜ್ಯದ ಉಚ್ಚ ನ್ಯಾಯಾಲಯದಲ್ಲಿ ನ್ಯಾಯಾಧೀಶರಾಗಿ ನಿವೃತ್ತರಾಗಿದ್ದ ಕೆ. ಎಸ್. ಪುಟ್ಟಸ್ವಾಮಿಯವರು 2012ರಲ್ಲಿ, ತಮ್ಮ 86ನೆಯ ವಯಸ್ಸಿನಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿದರು. ಆ ವ್ಯಾಜ್ಯದಲ್ಲಿ ಒಂಬತ್ತು ಮಂದಿ ನ್ಯಾಯಾಧೀಶರ ಪೀಠವು 2017ನೆಯ ಇಸವಿ ಆಗಸ್ಟ್ 24ರಂದು ಒಮ್ಮತದಿಂದ, ಖಾಸಗಿತನವು ಪ್ರತಿಯೊಬ್ಬ ಪ್ರಜೆಯ ಮೂಲಭೂತ ಹಕ್ಕೆಂದು ಸಾರಿತು. ಹಕ್ಕೆಂದ ಮೇಲೆ ಅದು ಗಂಡಸರಿಗಷ್ಟೇ ಸಲ್ಲುವುದಲ್ಲ. ಮೊಬೈಲನ್ನು ಕಿತ್ತುಕೊಂಡು ಬೀರುವಿನಲ್ಲಿಡುವ ಯಜಮಾನರು ಕಳ್ಳನಿಗೆ ಏನೂ ಮಾಡಿದಂತಾಗಲಿಲ್ಲ. ಮನೆಯಾಕೆ ಮುಂದಿನ ಸಲವೂ ಬಾಯಿ ಬಿಡದಂತೆ ಮಾತ್ರ ಮಾಡಿದರು. ತನಗೆಂದು ಒಂದು ಗೂಡನ್ನು ಇಟ್ಟುಕೊಳ್ಳುವ ಸ್ವಾತಂತ್ರ್ಯವೂ, ಆಪತ್ತು ಬಂದಾಗ ಅದನ್ನು ತೆರೆದು ತೋರಿಸುವ ಧೈರ್ಯವೂ ಒಂದೇ ನಂಬಿಕೆಯ ಎರಡು ಕವಲುಗಳು.

ಈಗ, ಇಂಥ ಅತಿಥಿ ಬಂದಾಗ ಮಾಡತಕ್ಕುದೇನು?

ಅಪರಿಚಿತನ ಹೊಗಳಿಕೆಗೆ ಉತ್ತರವೂ ಬೇಡ, ಬೈಗುಳವೂ ಬೇಡ. ಎರಡೂ ಅವನಿಗೆ ಆಹಾರವೇ. ಬೆನ್ನುಬಿಡದಿದ್ದರೆ ಒಮ್ಮೆ ಮಾತ್ರ ‘ನನಗೆ ಬರೆಯಬೇಡಿ’ ಎಂದು ಸ್ಪಷ್ಟವಾಗಿ ತಿಳಿಸಿ, ಆ ಬರಹವನ್ನು ಕಾದಿಡಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 78ನೆಯ ಕಲಮಿನಂತೆ, ಹೆಂಗಸು ಬೇಡವೆಂದು ತೋರಿಸಿದ ಮೇಲೂ ಮತ್ತೆ ಮತ್ತೆ ಬೆನ್ನುಹತ್ತಿ ಸಂಪರ್ಕಿಸುವುದು ಅಪರಾಧ.

ಕಳ್ಳಖಾತೆ ಕಂಡೊಡನೆ ಅದನ್ನು ತಡೆಹಿಡಿಯಲು ಅವಸರಪಡಬಾರದು. ಮೊದಲು ಆ ಪುಟವನ್ನೂ ಸಂದೇಶಗಳನ್ನೂ ಚಿತ್ರವಾಗಿ ಹಿಡಿದಿಟ್ಟು, ಖಾತೆಯ ಜಾಲವಿಳಾಸವನ್ನು ನಕಲು ಮಾಡಿಕೊಳ್ಳಬೇಕು. ಒಂದೇ ಹೆಸರಿನ ಖಾತೆಗಳು ನೂರಿರಬಹುದು, ವಿಳಾಸ ಮಾತ್ರ ಒಂದೊಂದಕ್ಕೂ ಬೇರೆ. ಆಮೇಲೆ ಆ ಪುಟದಲ್ಲಿಯೇ ಇರುವ ದೂರಿನ ಗುಂಡಿಯನ್ನೊತ್ತಿ, ‘ಇವರು ಬೇರೊಬ್ಬರಂತೆ ನಟಿಸುತ್ತಿದ್ದಾರೆ’ ಎಂದು ತಿಳಿಸಬೇಕು. ಹೀಗೆ ವೇಷ ಹಾಕಿದ ಖಾತೆಯ ಮೇಲೆ ಬಾಧಿತರೇ ದೂರು ಕೊಟ್ಟರೆ 24 ಗಂಟೆಗಳೊಳಗೆ ಕ್ರಮ ಕೈಗೊಳ್ಳಬೇಕೆಂದು 2021ರ ಸರ್ಕಾರಿ ನಿಯಮಗಳು ಕಂಪೆನಿಗಳಿಗೆ ವಿಧಿಸಿದವು. ಅದೇ ದಿನ ಬಂಧುಬಳಗಕ್ಕೆಲ್ಲ ದೂರವಾಣಿಯ ಮೂಲಕ, ‘ನನ್ನ ಹೆಸರಿನಲ್ಲಿ ಹಣ ಕೇಳಿದರೆ ಕೊಡಬೇಡಿ’ ಎಂದು ಹೇಳಿಬಿಡಬೇಕು. ನಮ್ಮ ಸೋದರಿ ಮೊದಲ ದಿನವೇ ಇದೊಂದನ್ನು ಮಾಡಿದ್ದರೆ ಎಂಟು ಸಾವಿರ ರೂಪಾಯಿ ಉಳಿಯುತ್ತಿತ್ತು.

ಹಣ ಹೋಗಿದ್ದರೆ ಗಳಿಗೆಯೂ ತಡಮಾಡದೆ 1930ನೆಯ ಸಂಖ್ಯೆಗೆ ಕರೆ ಮಾಡಬೇಕು. ಹಣ ಕೈಯಿಂದ ಕೈಗೆ ದಾಟುವ ಮೊದಲೇ ಬ್ಯಾಂಕಿನಲ್ಲಿ ತಡೆಯುವುದಕ್ಕೆ ಅವಕಾಶವಿರುವುದು ಆರಂಭದ ಕೆಲವು ಗಂಟೆಗಳಲ್ಲಿ. ರಾಷ್ಟ್ರೀಯ ಸೈಬರ್ ಅಪರಾಧ ವರದಿ ಜಾಲತಾಣದಲ್ಲಿಯೂ, ನಮ್ಮ ಜಿಲ್ಲೆಗಳ ಸಿ.ಇ.ಎನ್. ಪೊಲೀಸ್ ಠಾಣೆಗಳಲ್ಲಿಯೂ ದೂರು ಕೊಡಬಹುದು. ಗಣಕಯಂತ್ರದ ಮೂಲಕ ಮತ್ತೊಬ್ಬರ ವೇಷದಲ್ಲಿ ವಂಚಿಸುವವನಿಗೆ ಮಾಹಿತಿ ತಂತ್ರಜ್ಞಾನ ಕಾಯಿದೆಯ 66ಡಿ ಕಲಮಿನಂತೆ 3 ವರ್ಷಗಳವರೆಗೆ ಸೆರೆವಾಸವೂ 1 ಲಕ್ಷ ರೂಪಾಯಿಗಳವರೆಗೆ ದಂಡವೂ ಉಂಟು.

ಚಿತ್ರಗಳನ್ನು ವಿಕಾರಗೊಳಿಸಿ ಊರಿಗೆಲ್ಲ ಹಂಚುವೆನೆಂದು ಹೆದರಿಸುವವನಿಗೆ ಬಿಡಿಗಾಸನ್ನೂ ಕೊಡತಕ್ಕುದಲ್ಲ. ಒಮ್ಮೆ ಕೊಟ್ಟವರಲ್ಲಿಗೆ ಅವನು ಮತ್ತೆ ಬರುತ್ತಾನೆ. ಮನೆಯ ಹೆಣ್ಣುಮಕ್ಕಳಿಗೆ ಇದನ್ನು ಬಿಡಿಸಿ ಹೇಳಿರಬೇಕು. ಅದಕ್ಕಿಂತ ಮುಖ್ಯವಾಗಿ, ಇಂಥದನ್ನು ಹೇಳಿಕೊಂಡು ಬಂದರೆ ಮೊದಲು ಸಿಕ್ಕುವುದು ಗದರಿಕೆಯಲ್ಲ, ಕೂತು ಕೇಳುವ ಕಿವಿಯೆಂಬ ಭರವಸೆ ಅವರಿಗಿರಬೇಕು. ಪರದೇಶದ ವೈದ್ಯನಿಗೂ ಕಳ್ಳಖಾತೆಯವನಿಗೂ ಇದ್ದ ಬಲ ಒಂದೇ. ಈ ಹೆಂಗಸು ಮನೆಯಲ್ಲಿ ಬಾಯಿ ಬಿಡಲಾರಳೆಂಬ ನೆಚ್ಚಿಕೆಯೇ ಅವರ ಬಂಡವಾಳ. ‘ಮನೆಯವರಿಗೆ ತಿಳಿಸಬೇಡಿ’ ಎಂದು ಅವನು ಬರೆದುದು ಸುಮ್ಮನೆ ಅಲ್ಲ.

ನಮ್ಮ ಸೋದರಿಯ ದೂರಿನ ಮರುದಿನವೇ ಆ ಖಾತೆ ಮಾಯವಾಯಿತು. ಹಣ ಹಿಂತಿರುಗಲಿಲ್ಲ, ಕಾಲ ಮೀರಿಹೋಗಿತ್ತು. ಯಜಮಾನರು ತಾವು ಕೊಡುತ್ತೇವೆಂದು ಎಂಟು ಸಾವಿರ ಎಣಿಸಿ ಮುಂದಿಟ್ಟಾಗ ಆ ವೃದ್ಧರು ನೋಟುಗಳನ್ನು ಮುಟ್ಟಲಿಲ್ಲ. “ಹಣ ಹೋದರೆ ಹೋಯಿತು. ನೀನು ಕಾಯಿಲೆ ಬಿದ್ದಿಲ್ಲವಲ್ಲ ಮಗೂ, ಅಷ್ಟು ಸಾಕು. ಆದರೆ ಹನ್ನೆರಡು ದಿನ ಒಬ್ಬಳೇ ಇದನ್ನು ಹೇಗೆ ಹೊತ್ತುಕೊಂಡಿದ್ದೆಯಮ್ಮಾ?” ಎಂದರಂತೆ. ಆ ಮಾತು ಕೇಳಿ ಯಜಮಾನರು ಎದ್ದು ಒಳಗೆ ಹೋದರು. ಬೀರುವಿನ ಬೀಗ ತೆರೆದ ಸಪ್ಪಳ ಕೇಳಿಸಿತೆಂದು ಸೋದರಿ ನನಗೆ ಹೇಳಿದರು.

ಮುಂದಿನ ನವರಾತ್ರಿಯಲ್ಲಿ ಅವರ ಮನೆಯ ಬೊಂಬೆಗಳ ಚಿತ್ರ ಮತ್ತೆ ಹೊರಟಿತು. ಈ ಸಲ ಪರಿಚಿತರಿಗೆ ಮಾತ್ರ. ಅದನ್ನು ತೆಗೆದವರು ಯಜಮಾನರು.