ಸಾಲಗಾರ ನಾವಲ್ಲ, ಅವನು



ನೋಟೀಸು ಅಂದ ಕೂಡಲೆ ನಮ್ಮ ಕೇರಿಯ ಎದೆ ನಡುಗುತ್ತದೆ. ಬ್ಯಾಂಕಿನಿಂದ, ಸೊಸೈಟಿಯಿಂದ, ಕೋರ್ಟಿನಿಂದ ಅದು ಯಾವಾಗಲೂ ನಮ್ಮ ಕಡೆಗೇ ಬಂದಿದೆ. ಸಾಲ ಎಂದರೆ ನಾವು ತೀರಿಸಬೇಕಾದ್ದು ಎಂದೇ ನಮ್ಮಪ್ಪಂದಿರಿಗೆ ಕಲಿಸಿದರು. ರಜೆಯಲ್ಲಿ ಸೆಂಟ್ರಿಂಗು, ಪೇಂಟಿಂಗು ಅಂತ ದುಡಿದು ಬಂದ ಹಾಸ್ಟೆಲ್ ಹುಡುಗರ ಕೂಲಿಯನ್ನು ಕಂಟ್ರಾಕ್ಟರು ನುಂಗಿಕೊಂಡರೆ ಅದೇನು? ಅದೂ ಸಾಲವೇ. "ನಾಳೆ ಬಾ, ನಾಡಿದ್ದು ಬಾ" ಅನ್ನುವವನ ಮುಂದೆ ನಾವೇಕೆ ಕೈಕಟ್ಟಿ ನಿಲ್ಲಬೇಕು? 1982ರಲ್ಲಿ ಏಷ್ಯಾಡ್ ಕೂಲಿಗಳ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸುವುದೇ ಬಲವಂತದ ದುಡಿಮೆ, ಸಂವಿಧಾನದ 23ನೇ ವಿಧಿಗೆ ವಿರುದ್ಧ ಎಂದಿತು. ಏನೂ ಕೊಡದವನನ್ನು ಏನನ್ನಬೇಕು, ಧಣಿ ಅಂತಲಾ?

ನೋಟೀಸು ನಾವೂ ಕಳಿಸಬಹುದು. ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ ದುಡಿದೆವು, ದಿನಕ್ಕೆ ಎಷ್ಟು ಮಾತಾಗಿತ್ತು, ಬಂದದ್ದೆಷ್ಟು, ಬಾಕಿ ಎಷ್ಟು ಎಂದು ಬರೆದು, 15 ದಿನದೊಳಗೆ ಕೊಡದಿದ್ದರೆ ಕೋರ್ಟಿಗೆ ಹೋಗುತ್ತೇವೆ ಅನ್ನಿ. ಬೈಗುಳ ಬೇಡ, ಆ ಹಾಳೆ ನಮ್ಮ ಮೇಲೇ ಸಾಕ್ಷಿಯಾದೀತು. ಬಾಯಿಮಾತಿನ ಒಪ್ಪಂದವೂ ಒಪ್ಪಂದವೇ. ಅವನ ಮೆಸೇಜು ಅಳಿಸಬೇಡಿ. ಸ್ಪೀಡ್ ಪೋಸ್ಟಿನಲ್ಲಿ ಹಾಕಿ (ರಿಜಿಸ್ಟರ್ಡ್ ಪೋಸ್ಟು 2025ರಲ್ಲಿ ಅದರೊಳಗೇ ಸೇರಿಹೋಯಿತು), ರಸೀತಿ ಮತ್ತು ನಕಲು ಟ್ರಂಕಿನಲ್ಲಿರಲಿ.

ವಕೀಲರಿಗೆ ದುಡ್ಡೆಲ್ಲಿ ಅಂತೀರಾ? 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಪರಿಶಿಷ್ಟ ಜಾತಿ, ಪಂಗಡದವರಿಗೆ ವಕೀಲರ ನೆರವು ಪುಕ್ಕಟೆ, ಆದಾಯದ ಮಿತಿಯಿಲ್ಲ. ತಾಲ್ಲೂಕು ಕೋರ್ಟಿನಲ್ಲಿ ಸಮಿತಿ ಇದೆ. 15100ಕ್ಕೆ ಫೋನು ಮಾಡಿದರೂ ಆದೀತು. ಸ್ಕಾಲರ್‌ಷಿಪ್ಪಿಗೆಂದು ನೂರು ಸಲ ಜೆರಾಕ್ಸ್ ಮಾಡಿಸಿದ ಜಾತಿ ಸರ್ಟಿಫಿಕೇಟು ಇದಕ್ಕೂ ಒಮ್ಮೆ ಬರಲಿ!

ನೋಟೀಸು ಕಳಿಸಿ ನಿದ್ದೆ ಹೋಗಬೇಡಿ. 1963ರ ಕಾಲಮಿತಿ ಕಾಯ್ದೆಯಂತೆ ಇಂಥ ಬಾಕಿಗೆ 3 ವರ್ಷದೊಳಗೆ ದಾವೆ ಹಾಕಬೇಕು. ನೋಟೀಸು ಕಳಿಸಿದ ಮಾತ್ರಕ್ಕೆ ಆ ಲೆಕ್ಕ ನಿಲ್ಲದು. ಬಾಕಿ ಉಂಟೆಂದು ಅವನೇ ಆ ಅವಧಿಯೊಳಗೆ ಬರೆದು ಸಹಿ ಹಾಕಿದರೆ ಎಣಿಕೆ ಹೊಸದಾಗಿ ಶುರುವಾಗುತ್ತದೆ. ಚೆಕ್ಕು ಕೊಟ್ಟು ಅದು ವಾಪಸಾಯಿತೋ, ಬ್ಯಾಂಕು ತಿಳಿಸಿದ 30 ದಿನದೊಳಗೆ ನೋಟೀಸು ಹೋಗಲೇಬೇಕು.

"ಊರವರನ್ನ ಯಾಕ್ಲಾ ಮಗ ಎದುರಾಕ್ಕೊಂಡೀಯ, ನಾಳೆ ಕೂಲಿಗೆ ಕರಿಯಲ್ಲ ಅಂದ್ರೆ?" ಅಂತ ಅವ್ವ ಹೆದರುತ್ತಾಳೆ. ಆ ಹೆದರಿಕೆ ಸುಳ್ಳಲ್ಲ. ಅದಕ್ಕೇ ಒಬ್ಬೊಬ್ಬರೇ ಹೋಗಬೇಡಿ, ಬಾಕಿ ಇರುವವರೆಲ್ಲ ಸೇರಿ ಸಹಿ ಹಾಕಿ. ಮೇಲ್ಜಾತಿಯವರು ಬಹಿಷ್ಕಾರ ಹಾಕಿದರೆ, ಹಾಕುತ್ತೇವೆಂದು ಬೆದರಿಸಿದರೂ, ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ಆದ ತಿದ್ದುಪಡಿಯಂತೆ ಅದು ಅಪರಾಧ. ಆ ಮಾತು ಯಾರು, ಎಂದು, ಯಾರೆದುರು ಆಡಿದರು ಅನ್ನುವುದನ್ನೂ ಅದೇ ಹಾಳೆಯ ಹಿಂದೆ ಬರೆದಿಡಿ.